ಅಳತೆ ಹಲಗೆ ಬಿಟ್ಟು ಹದಿನೈದು ದಿನ

ಮಾರ್ಚ್ 20

‘ಈ ವರ್ಷವೇ ನಿನ್ನನ್ನು ಹಳದಿ ಬಟ್ಟೆಯಲ್ಲಿ ನೋಡಬೇಕು’ ಎಂದಳು ಅಮ್ಮ. ಅಥವಾ ‘ಈ ವರ್ಷವಾದರೆ ನೋಡಬಹುದು’ ಎಂದಳೇನೋ. ಅಮ್ಮ ಹೇಳಿದ್ದು ಪಾತ್ರೆ ತೊಳೆಯುತ್ತ. ನಾನು ಕೇಳಿಸಿಕೊಂಡದ್ದು ಬೂಟಿನ ದಾರ ಕಟ್ಟುತ್ತ. ಬೆಳಿಗ್ಗೆ ಐದೂವರೆಗೆ ಮನೆ ಬಿಡುವವನಿಗೆ ಮಾತುಗಳು ಅರ್ಧರ್ಧವೇ ಸಿಗುವುದು. ವಿಷಯವೇನೋ ಸ್ಪಷ್ಟವಾಗಿತ್ತು: ನಾನು ಭಿಕ್ಷುವಾಗಬೇಕು, ಈ ವರ್ಷವೇ.

ಮಗನ ಕಾಷಾಯದ ಅಂಚು ಹಿಡಿದು ಸ್ವರ್ಗಕ್ಕೆ ಹೋಗುವ ಆಸೆ ಯಾವ ತಾಯಿಗಿಲ್ಲ. ಗಂಡುಮಕ್ಕಳು ಇಪ್ಪತ್ತು ಇಪ್ಪತ್ತೆರಡಕ್ಕೆ ತಲೆ ಬೋಳಿಸಿ, ಕೆಲವು ದಿನ ವಿಹಾರದಲ್ಲಿದ್ದು, ಅದನ್ನು ಮುಗಿಸಿಬಿಡುತ್ತಾರೆ. ನನಗೆ ನಲವತ್ತೇಳು. ಇಪ್ಪತ್ನಾಲ್ಕಕ್ಕೆ ಕಾಲುವೆಯ ತೂಬಿನ ಕಚೇರಿ ಸೇರಿದೆ, ಆಮೇಲೆ ಬಿಡುವಾಗಲಿಲ್ಲ. ತೂಬಿನ ಪಕ್ಕದ ಅಳತೆ ಹಲಗೆಯಲ್ಲಿ ದಿನಕ್ಕೆ ಮೂರು ಸಲ ನೀರಿನ ಮಟ್ಟ ಓದಿ ಪುಸ್ತಕಕ್ಕೆ ಬರೆಯುವುದು ನನ್ನ ಕೆಲಸ. ಇಪ್ಪತ್ಮೂರು ವರ್ಷದಲ್ಲಿ ಬೇರೆಯವರ ಅಕ್ಷರ ಪುಸ್ತಕದಲ್ಲಿರುವುದು ನಾಲ್ಕು ದಿನ. ಅಪ್ಪ ತೀರಿಕೊಂಡಾಗ ಮೂರು, ನನಗೆ ಡೆಂಗೀ ಬಂದಾಗ ಒಂದು. ಡೆಂಗೀಯ ಎರಡನೇ ದಿನ ನಾನೇ ಹೋದೆ.

ಇಷ್ಟು ವರ್ಷ ಅಮ್ಮ ಈ ಮಾತನ್ನು ಬಾಯಿಬಿಟ್ಟು ಕೇಳಿರಲಿಲ್ಲ. ಈಗ ಯಾಕೆ ಎಂದು ಕೇಳಬೇಕೆಂದುಕೊಂಡೆ. ಸಂಜೆ ಬರುವಷ್ಟರಲ್ಲಿ ಮಲಗಿದ್ದಳು.

ಬೆಳಿಗ್ಗೆ 2.46 ಮೀಟರು. ಮಧ್ಯಾಹ್ನ 2.46. ಸಂಜೆ 2.45.

ಮಾರ್ಚ್ 22

ಬೆಳಿಗ್ಗೆ 2.45. ಮಧ್ಯಾಹ್ನ 2.44. ಸಂಜೆ 2.44.

ಚರೂನ್ ಸಾಹೇಬರಿಗೆ ರಜೆಯ ಚೀಟಿ ಕೊಟ್ಟೆ. ದೀಕ್ಷೆಗೆಂದು ಸರ್ಕಾರ ಕೊಡುವ ರಜೆ ನೂರಿಪ್ಪತ್ತು ದಿನದವರೆಗೆ ಇದೆ, ಸಂಬಳದ ಜೊತೆಗೆ, ಸೇವೆಯಲ್ಲಿ ಒಂದೇ ಸಲ. ನಾನು ಹದಿನೈದು ಬರೆದಿದ್ದೆ. ಏಪ್ರಿಲ್ 8ರಿಂದ 22. ನಡುವೆ ನಮ್ಮ ಹೊಸವರ್ಷದ ಸೋಂಕ್ರಾನ್ ಹಬ್ಬದ ರಜೆಗಳೂ ಶನಿವಾರ ಭಾನುವಾರಗಳೂ ಬರುವುದರಿಂದ ಕಚೇರಿಗೆ ನಷ್ಟವಾಗುವುದು ಏಳೇ ದಿನ. ಬೇಸಿಗೆಯಾದ್ದರಿಂದ ನೀರೂ ಕಡಿಮೆ. ಇದನ್ನೆಲ್ಲ ಒಂದು ಹಾಳೆಯಲ್ಲಿ ಬರೆದು ಚೀಟಿಗೆ ಲಗತ್ತಿಸಿದ್ದೆ.

ಸಾಹೇಬರು ಹಾಳೆಯನ್ನು ಎರಡು ಸಲ ಓದಿದರು. ಜನ ಮಳೆಗಾಲದ ಮೂರು ತಿಂಗಳು ಪೂರ್ತಿ ಕೂರುವುದಕ್ಕೆ ಭಿಕ್ಷುಗಳಾಗುತ್ತಾರೆ, ನಾನು ಯಾಕೆ ಹಬ್ಬದ ಸಂದಿಯಲ್ಲಿ ತೂರಿಕೊಳ್ಳುತ್ತಿದ್ದೇನೆ ಎಂದು ಕೇಳಿದರು. ಮಳೆಗಾಲದಲ್ಲಿ ಮಟ್ಟ ಗಂಟೆಗೊಮ್ಮೆ ಓದಬೇಕಲ್ಲ ಎಂದೆ. ಅದೂ ನಿಜ ಎಂದರು. ಸಹಿ ಹಾಕುವ ಮುಂಚೆ, ಎರಡು ತಿಂಗಳು ಮೊದಲೇ ಕೊಡಬೇಕಿತ್ತು ಎಂಬುದನ್ನೂ ನೆನಪಿಸಿದರು. ಆ ತಪ್ಪು ನನ್ನದೇ.

ಏಪ್ರಿಲ್ 5

ಬೆಳಿಗ್ಗೆ 2.42. ಮಧ್ಯಾಹ್ನ 2.41. ಸಂಜೆ 2.41.

ದೀಕ್ಷೆಗೆ ಮುಂಚೆ ಎಲ್ಲರ ಹತ್ತಿರ ಕ್ಷಮೆ ಕೇಳಬೇಕು. ಹೂವು, ಮೇಣದಬತ್ತಿ, ಊದುಬತ್ತಿ ಇಟ್ಟ ತಟ್ಟೆ ಹಿಡಿದು ಮನೆಮನೆಗೆ ಹೋಗಿ, ದೇಹದಿಂದ, ಮಾತಿನಿಂದ, ಮನಸ್ಸಿನಿಂದ ತಪ್ಪು ಮಾಡಿದ್ದರೆ ಕ್ಷಮಿಸಿ ಎನ್ನುವುದು ಪದ್ಧತಿ. ನಾನು ಕಚೇರಿಯಿಂದ ಶುರು ಮಾಡಿದೆ. ವನ್ಪೆನ್ ಮುಂದೆ ಕೂತಾಗ ಆಕೆ ಮುಜುಗರಪಟ್ಟು ಕುರ್ಚಿಯಿಂದ ಎದ್ದಳು. ನನಗಿಂತ ಹದಿನೈದು ವರ್ಷ ಚಿಕ್ಕವಳು. ನಾನಿಲ್ಲದಾಗ ಮಟ್ಟ ಓದುವವಳು ಅವಳೇ. ಪದ್ಧತಿಯ ಮಾತು ಮುಗಿಸಿ, ಎಂಟರಿಂದ ಇಪ್ಪತ್ತೆರಡರವರೆಗಿನ ನಲವತ್ತೈದು ಓದುಗಳಿಗಾಗಿಯೂ ಕ್ಷಮಿಸು ಎಂದೆ.

“ಅಣ್ಣ, ನಲವತ್ತೈದಕ್ಕೂ ಒಟ್ಟಿಗೇ ಕ್ಷಮಿಸ್ಲಾ, ಒಂದೊಂದಕ್ಕೆ ಬೇರೆಬೇರೆ ಬೇಕಾ?”

ಒಟ್ಟಿಗೆ ಸಾಕು ಎಂದೆ. ಸಾಹೇಬರು, ಕ್ಷಮಿಸಿದೆ, ಇಪ್ಪತ್ಮೂರನೇ ತಾರೀಕು ಆರು ಗಂಟೆಗೆ ಬಂದರೆ ಪೂರ್ತಿ ಕ್ಷಮಿಸಿದಂತೆ ಎಂದರು. ಆಮೇಲೆ ಪಂಪ್‌ಹೌಸಿನವರು, ರೈತರ ಗುಂಪಿನ ಮುಖಂಡರು, ನನ್ನ ಬೂಟು ರಿಪೇರಿ ಮಾಡುವವನು. ಒಟ್ಟು ಹದಿನಾಲ್ಕು ಜನ. ಹೂವು ಬಾಡಿತ್ತು.

ಏಪ್ರಿಲ್ 8

ತಲೆಯ ಜೊತೆಗೆ ಹುಬ್ಬನ್ನೂ ಬೋಳಿಸಿದರು. ಕನ್ನಡಿಯಲ್ಲಿ ಯಾವುದೋ ಗಿಡ್ಡ ಮನುಷ್ಯ.

ಕಾಷಾಯದ ಕಟ್ಟನ್ನು ಕೊಡುವುದು ತಾಯಿ. ಅಮ್ಮ ಅದನ್ನು ಎದೆಗವಚಿಕೊಂಡು ಬಂದಳು. ಕೊಡುವ ಮುಂಚೆ ಬಟ್ಟೆಯನ್ನು ಬೆರಳಲ್ಲಿ ಉಜ್ಜಿ, ಇದು ಅರಿಸಿನದ ಹಳದಿಯೋ ಹಲಸಿನ ಮರದ ತಿರುಳಿನ ಹಳದಿಯೋ ಎಂದು ಪಕ್ಕದವರನ್ನು ಕೇಳಿದಳು. ವಯಸ್ಸಾದವರಿಗೆ ಇಂಥ ವಿಚಾರಗಳಲ್ಲಿ ಆಸಕ್ತಿ ಹೆಚ್ಚು.

ಭಿಕ್ಷುಗಳ ಸಂಘದ ಮುಂದೆ ಪ್ರಶ್ನೆಗಳಿರುತ್ತವೆ, ಪಾಳಿ ಭಾಷೆಯಲ್ಲಿ. ಕುಷ್ಠವಿದೆಯೇ. ಮನುಷ್ಯನೇ. ಉತ್ತರಗಳನ್ನು ಬಾಯಿಪಾಠ ಮಾಡಿದ್ದೆ. ‘ನೀನು ರಾಜನ ಸೇವಕನಲ್ಲ ತಾನೇ?’ ಎಂಬಲ್ಲಿ ನಾಲಿಗೆ ನಿಂತಿತು. ರಜೆಯ ಚೀಟಿಗೆ ಸಹಿಯಾಗಿದೆ, ಆದರೆ ಸೇವೆಯೇನೂ ಬಿಟ್ಟಿಲ್ಲ. ಹಿರಿಯ ಭಂತೆ ಕಾದರು. ಹೌದು ಭಂತೆ, ಅಲ್ಲ, ಎಂದೆ. ಮುಂದಿನ ಪ್ರಶ್ನೆ, ‘ತಾಯಿತಂದೆಯರು ಒಪ್ಪಿದ್ದಾರೆಯೇ?’ ಅದಕ್ಕೂ ಹೌದೆಂದೆ. ಹೇಳುವಾಗಲೇ ಹೊಳೆಯಿತು: ನಾನು ಕ್ಷಮೆ ಕೇಳಿದ ಹದಿನಾಲ್ಕು ಜನರಲ್ಲಿ ಅಮ್ಮ ಇರಲಿಲ್ಲ. ಎಲ್ಲರೂ ಮೊದಲು ಹೋಗುವುದು ತಾಯಿಯ ಹತ್ತಿರ. ಮನೆಯಲ್ಲೇ ಇದ್ದಾಳಲ್ಲ, ಕೊನೆಗೆ ಕೇಳಿದರಾಯಿತು ಎಂದುಕೊಂಡಿದ್ದೆ.

ಈಗ ಕೇಳುವಂತಿಲ್ಲ. ಭಿಕ್ಷುವಾದವನು ಹೆತ್ತ ತಾಯಿಗೂ ತಲೆ ಬಾಗಿಸುವ ಹಾಗಿಲ್ಲ. ಹೊರಗೆ ಬಂದಾಗ ಅವಳೇ ನೆಲಕ್ಕೆ ಹಣೆ ಮುಟ್ಟಿಸಿ ಮೂರು ಸಲ ನಮಸ್ಕರಿಸಿದಳು. ನಾನು ನಿಂತಿದ್ದೆ, ನಿಲ್ಲುವುದು ನಿಯಮ.

ಹೊಸ ಹೆಸರು ಅಪ್ಪಮತ್ತೊ. ಎಚ್ಚರ ತಪ್ಪದವನು ಎಂದರ್ಥ. ಹದಿನೈದು ದಿನಕ್ಕೆ ಇದು ಸಾಕು ಎಂದರು ಹಿರಿಯ ಭಂತೆ.

ಏಪ್ರಿಲ್ 10

ಬೆಳಿಗ್ಗೆ 2.40, ರಸ್ತೆಯಿಂದ ಕಂಡಂತೆ.

ಭಿಕ್ಷೆಗೆ ಹೋಗುವ ದಾರಿ ತೂಬಿನ ಮುಂದೆಯೇ. ನಾವು ಐವರು ಬರಿಗಾಲಲ್ಲಿ ಸಾಲಾಗಿ ನಡೆಯುತ್ತೇವೆ, ನಾನು ಮೂರನೆಯವನು. ಕಣ್ಣು ನೊಗದ ಉದ್ದಕ್ಕಿಂತ ಮುಂದೆ ಹೋಗಬಾರದು, ಕೊಡುವವರ ಮುಖ ನೋಡಬಾರದು ಎಂದಿದ್ದಾರೆ. ಹಾಗಾಗಿ ಊರಿನವರ ಕೈಗಳಷ್ಟೇ ಕಾಣುತ್ತವೆ. ಅಳತೆ ಹಲಗೆ ರಸ್ತೆಗಿಂತ ಕೆಳಗಿದೆ, ಕಣ್ಣು ಎತ್ತಬೇಕಾಗಿಲ್ಲ.

ಅಮ್ಮ ಸೇತುವೆಯ ಹತ್ತಿರ ನಿಂತಿದ್ದಳು. ಅವಳ ಕೈ ಗುರುತು ಸಿಕ್ಕಿತು. ಒಂದು ಸೌಟು ಅನ್ನ ಬಟ್ಟಲಿನ ಅಂಚಿಗೆ ಬಿದ್ದು ರಸ್ತೆಗೆ ಜಾರಿತು. ನಾನು ಬಟ್ಟಲನ್ನು ಓರೆಯಾಗಿ ಹಿಡಿದಿರಬೇಕು. ನಾಳೆ ಸರಿಯಾಗಿ ಹಿಡಿಯಬೇಕು.

ಏಪ್ರಿಲ್ 12

ಬೆಳಿಗ್ಗೆ 2.38. ಇದರಲ್ಲಿ ಅನುಮಾನವಿಲ್ಲ.

ನಿನ್ನೆ ವನ್ಪೆನ್‌ಗೆ ಚೀಟಿ ಕಳಿಸಿ, ನಿನ್ನ ಪುಸ್ತಕದಲ್ಲಿ ಎಷ್ಟಿದೆ ಎಂದು ಕೇಳಿದ್ದೆ. ಇವತ್ತು ಪುಸ್ತಕವನ್ನೇ ತಂದಳು. ಹೆಂಗಸರು ಭಿಕ್ಷುವಿನ ಕೈಗೆ ನೇರವಾಗಿ ಏನನ್ನೂ ಕೊಡುವಂತಿಲ್ಲ. ಕಾಣಿಕೆ ಪಡೆಯುವ ಬಟ್ಟೆಯನ್ನು ನೆಲದ ಮೇಲೆ ಹಾಸಿ ಒಂದು ತುದಿ ಹಿಡಿದೆ. ಆಕೆ ಪುಸ್ತಕವನ್ನು ಅದರ ಮೇಲಿಟ್ಟು ಕೈಮುಗಿದಳು. ಪಕ್ಕದಲ್ಲಿ ಯಾರೋ ಕಮಲದ ಮೊಗ್ಗುಗಳನ್ನು ಇಟ್ಟಿದ್ದರು.

2.40 ಎಂದು ಬರೆದಿದ್ದಳು. ಮೂರು ದಿನದಿಂದ ಒಂಬತ್ತು ಓದುಗಳೂ ಐದಕ್ಕೋ ಹತ್ತಕ್ಕೋ ಮುಗಿಯುತ್ತಿದ್ದವು. ನೀರು ಹಾಗೆ ದುಂಡಗೆ ಇಳಿಯುವುದಿಲ್ಲ ಎಂದೆ.

“ಅಣ್ಣ... ಅಲ್ಲ, ಭಂತೆ. ಎರಡು ಸೆಂಟಿಮೀಟರಿಗೆ ಯಾವ ಮೀನೂ ದೂರು ಕೊಟ್ಟಿಲ್ಲ.”

ಹೋಗುವಾಗ ಅಮ್ಮ ಹೇಗಿದ್ದಾರೆ ಎಂದು ಕೇಳಿದಳು. ಚೆನ್ನಾಗಿದ್ದಾಳೆ ಎಂದೆ. ಇನ್ನೇನೋ ಕೇಳುವವಳಂತಿದ್ದಳು, ಎದ್ದು ಹೋದಳು.

ಏಪ್ರಿಲ್ 13

ಬೆಳಿಗ್ಗೆ 2.38.

ಸೋಂಕ್ರಾನ್. ಹಬ್ಬಕ್ಕೆ ಹಿರಿಯರ ಅಂಗೈಗೆ ಮಲ್ಲಿಗೆ ನೀರು ಸುರಿದು ಆಶೀರ್ವಾದ ಕೇಳುತ್ತೇವೆ. ಪ್ರತಿವರ್ಷ ಕೆಲಸಕ್ಕೆ ಹೊರಡುವ ಮುಂಚೆ ಅಮ್ಮನ ಕೈಗೆ ಸುರಿಯುತ್ತಿದ್ದೆ, ಒಂದು ನಿಮಿಷದ ಕೆಲಸ. ಈ ಸಲ ಅವಳು ನನ್ನ ಕೈಗೆ ಸುರಿಯಬೇಕು. ಸಾಲಿನಲ್ಲಿ ಬಂದು ಮಂಡಿಯೂರಿ ಬಟ್ಟಲು ಬಾಗಿಸಿದಳು. ನೀರು ನನ್ನ ಮೊಣಕಾಲ ಮೇಲೆ ಬಿತ್ತು. ನಾನು ಕೈಯನ್ನು ನೀರಿನ ಕೆಳಗೆ ಸರಿಸಿದೆ. ಸಾಲಿನಲ್ಲಿ ತಳ್ಳಾಟವಿತ್ತು.

ಏಪ್ರಿಲ್ 14

ಬೆಳಿಗ್ಗೆ 2.37 ಇರಬಹುದು.

ಸಾಲಿನಲ್ಲಿ ನನ್ನ ಮುಂದೆ ನಡೆಯುವವರು ಖೇಮೊ ಭಂತೆ. ಅರವತ್ತು ದಾಟಿದವರು, ಮುಂಚೆ ಬಸ್ಸು ಓಡಿಸುತ್ತಿದ್ದರಂತೆ. ಅಂಗಳ ಗುಡಿಸುವಾಗ ಪೊರಕೆ ನಿಲ್ಲಿಸಿ, ಒಂದು ವಿಷಯ ಹೇಳಬೇಕು, ಬೇಸರ ಮಾಡಿಕೊಳ್ಳಬಾರದು ಎಂದರು.

“ನಾಲ್ಕು ದಿನದಿಂದ ನಿಮ್ಮ ತಾಯಿ ಕರಿದ ಬಂಗಡೆ ನನ್ನ ಬಟ್ಟಲಿಗೆ ಹಾಕ್ತಿದ್ದಾರೆ. ಮಗ ಭಂತೆ, ತಲೆ ಕಡೆ ಭಾಗ ನಿಮಗೆ ಇಷ್ಟ ಅಲ್ವಾ, ಅಂತಾರೆ. ನಾನು ಸುಮ್ಮನೆ ಇದ್ದೆ. ಮೀನು ಚೆನ್ನಾಗಿತ್ತು.”

ಐವರದೂ ಬೋಳುತಲೆ, ಒಂದೇ ಬಣ್ಣದ ಬಟ್ಟೆ, ಹುಬ್ಬಿಲ್ಲ, ಯಾರಿಗಾದರೂ ಗೊಂದಲವಾಗುತ್ತದೆ ಎಂದೆ. ಆಗುತ್ತದೆ ಎಂದರು ಖೇಮೊ. ಅವರು ನನಗಿಂತ ಒಂದು ಗೇಣು ಎತ್ತರವಿದ್ದಾರೆ, ಕಪ್ಪಗಿದ್ದಾರೆ. ನಾವಿಬ್ಬರೂ ಮತ್ತೆ ಗುಡಿಸಿದೆವು. ಎಲೆ ಬೀಳುವ ಕಾಲ, ಗುಡಿಸಿದಷ್ಟೂ ಇರುತ್ತದೆ.

ಏಪ್ರಿಲ್ 15

ವನ್ಪೆನ್ ಪುಸ್ತಕ ತಂದಿದ್ದಳು. ತೆರೆಯುವ ಮುಂಚೆ, ತಮಾಷೆಯೆಂದು ಬಂಗಡೆಯ ವಿಷಯ ಹೇಳಿದೆ. ಆಕೆ ನಗಲಿಲ್ಲ.

ಜನವರಿಯಲ್ಲಿ ಅಮ್ಮ ಒಂದು ಮಧ್ಯಾಹ್ನ ಆಸ್ಪತ್ರೆಯ ಚೀಟಿ ಹಿಡಿದು ಅವಳ ಮನೆಗೆ ಹೋಗಿದ್ದಳಂತೆ, ಓದಿಸಲು. ಎಡಗಣ್ಣಿನಲ್ಲಿ ದೃಷ್ಟಿ ಹೋಗಿದೆ, ಬಲಗಣ್ಣಿನದೂ ಹೋಗುತ್ತಿದೆ, ಮನೆಯವರನ್ನು ಕರೆದುಕೊಂಡು ಬೇಗ ಬನ್ನಿ ಎಂದು ಬರೆದಿತ್ತಂತೆ. ವನ್ಪೆನ್ ಎರಡು ಸಲ ಗಟ್ಟಿಯಾಗಿ ಓದಿದಳಂತೆ. ಅಮ್ಮ ಚೀಟಿಯನ್ನು ಮಡಚಿ, ಮಗನಿಗೆ ಹೇಳುವುದಿಲ್ಲವೆಂದು ಮಾತು ತೆಗೆದುಕೊಂಡು ಹೋದಳಂತೆ.

ಹೇಳಿದ್ದರೆ ಏನಾಗುತ್ತಿತ್ತು ಎಂದು ಕೇಳಿದೆ. ನನ್ನ ದನಿ ಕಚೇರಿಯ ದನಿಯಂತಿತ್ತು.

“ನಾನೂ ಅದನ್ನೇ ಕೇಳ್ದೆ, ಭಂತೆ. ‘ಆಸ್ಪತ್ರೆಗೆ ಅಂದ್ರೆ ಅವನು ರಜೆ ಹಾಕ್ಬೇಕು, ಹಾಕಿ ಒಂದು ವಾರ ಮುಖ ಸಪ್ಪಗೆ ಮಾಡ್ಕೊಂಡಿರ್ತಾನೆ’ ಅಂದ್ರು. ಆಮೇಲೆ... ‘ಅವನ ಹತ್ರ ಒಂದೇ ಒಂದು ರಜೆ ಕೇಳೋದಾದ್ರೆ ಆಸ್ಪತ್ರೆಗೆ ಯಾಕೆ ಕೇಳ್ಲಿ, ಕಣ್ಣಿರೋವಾಗ ಹಳದಿ ಬಟ್ಟೆ ನೋಡ್ತೀನಿ’ ಅಂದ್ರು.”

ಪುಸ್ತಕ ಬಟ್ಟೆಯ ಮೇಲೆಯೇ ಇತ್ತು. ಆಕೆ ಹೋಗುವಾಗ ಅದನ್ನು ತೆಗೆದುಕೊಂಡು ಹೋದಳು.

ಏಪ್ರಿಲ್ 16

ಅಮ್ಮ ಮಧ್ಯಾಹ್ನ ವಿಹಾರಕ್ಕೆ ಬಂದಳು. ನಾನೇ ಹೇಳಿಕಳಿಸಿದ್ದೆ. ಖೇಮೊ ಭಂತೆ ಸ್ವಲ್ಪ ದೂರದಲ್ಲಿ ಗೋಡೆಗೊರಗಿ ಕೂತಿದ್ದರು, ಹೆಂಗಸರ ಜೊತೆ ಒಬ್ಬನೇ ಇರಬಾರದೆಂಬ ನಿಯಮಕ್ಕಾಗಿ. ಅಮ್ಮ ಕಂಬವನ್ನು ಮುಟ್ಟಿ, ಚಾಪೆಯ ಅಂಚನ್ನು ಕಾಲಿನಿಂದ ಹುಡುಕಿ, ನನ್ನ ಎದುರು ಕೂತಳು. ಅವಳು ನಡೆಯುವುದನ್ನು ನಾನು ಎಷ್ಟೋ ವರ್ಷದಿಂದ ನೋಡಿಲ್ಲ. ನಾನು ಮನೆಯಲ್ಲಿರುವಾಗ ಅವಳು ಒಲೆಯ ಮುಂದೆ ಇರುತ್ತಾಳೆ, ಇಲ್ಲವೆ ಮಲಗಿರುತ್ತಾಳೆ.

ಕಣ್ಣಿನ ವಿಷಯ ಯಾಕೆ ಹೇಳಲಿಲ್ಲ ಎಂದು ಕೇಳಿದೆ. ಅಮ್ಮ ಕೈಮುಗಿದೇ ಉತ್ತರ ಕೊಟ್ಟಳು. ಭಿಕ್ಷುವಿಗೆ ಕೊಡುವ ಉತ್ತರ.

“ಭಂತೆ, ನನಗೊಬ್ಬ ಮಗ ಇದ್ದಾನೆ. ತುಂಬ ಕೆಲಸದವನು. ನೀರು ನೋಡ್ಕೋತಾನೆ. ಅವನು ಒಂದಿನ ಬರ್ಲಿಲ್ಲ ಅಂದ್ರೆ ಕಾಲುವೆ ಏನಾಗುತ್ತೋ ಅಂತ ಅವನಿಗೆ ನಿದ್ದೆ ಬರಲ್ಲ. ಅಂಥವನ ಹತ್ರ ಮುದುಕಿ ಕಣ್ಣಿನ ಮಾತು ತೆಗಿಬಾರ್ದು, ಅಲ್ವಾ?”

ನಿಮ್ಮ ಮಗನಿಗೆ ಹೇಳಬಹುದಿತ್ತು ಎಂದೆ.

“ಹೇಳಿದ್ರೆ ಬರ್ತಿದ್ದ. ಒಳ್ಳೆಯವನು. ಆಸ್ಪತ್ರೇಲಿ ಕೂತು ಗಡಿಯಾರ ನೋಡ್ತಿದ್ದ. ಅದು ನನಗೆ ನೋಡೋಕಾಗಲ್ಲ, ಭಂತೆ.”

ಆಮೇಲೆ ಕೇಳಿದೆ, ದೀಕ್ಷೆಯ ದಿನ ಕಂಡಿತೇ ಎಂದು. ಹಳದಿ ಕಂಡಿತು ಎಂದಳು. ಮುಖ? ಮುಖವನ್ನು ನಲವತ್ತೇಳು ವರ್ಷದಿಂದ ನೋಡಿದ್ದೇನೆ, ಹಳದಿಯೊಂದು ಬಾಕಿ ಇತ್ತು ಎಂದಳು.

ನನ್ನ ಕೈಗಳು ಮಡಿಲಲ್ಲಿದ್ದವು. ತಲೆ ಬಾಗಿಸಬೇಕೆನ್ನಿಸಿತು. ಬಾಗಿಸಬೇಕೆಂದರೆ ಬಟ್ಟೆ ಕಳಚಬೇಕು. ಕಳಚಿದರೆ ಅವಳು ನೋಡುವುದಕ್ಕೆ ಏನೂ ಉಳಿಯುವುದಿಲ್ಲ. ಬೆನ್ನು ನೆಟ್ಟಗೆ ಮಾಡಿ ಕೂತೆ. ಬಿಸಿಲು ಬೀಳುವ ಕಡೆಗೆ ಸ್ವಲ್ಪ ಸರಿದು ಕೂತೆ. ಅಮ್ಮ ತಲೆಯನ್ನು ಕೋಳಿಯಂತೆ ಓರೆ ಮಾಡಿ, ಬಲಗಣ್ಣಿನಿಂದ, ಬಹಳ ಹೊತ್ತು ನೋಡಿದಳು.

ಏಪ್ರಿಲ್ 18

ಪೇಟೆಯ ಕಣ್ಣಿನ ಆಸ್ಪತ್ರೆಗೆ ಮೂವರೂ ಹೋದೆವು. ಖೇಮೊ ಭಂತೆ ತಾವಾಗಿಯೇ ಹೊರಟರು, ಮೀನು ತಿಂದಿದ್ದೇನಲ್ಲ ಎಂದರು.

ಡಾಕ್ಟರು ವಿವರಿಸಿದ್ದು ನನಗೆ ಕೂಡಲೇ ಅರ್ಥವಾಯಿತು. ಕಣ್ಣಿನೊಳಕ್ಕೆ ನೀರು ಬರುತ್ತಿರುತ್ತದೆ, ಹೊರಗೆ ಹೋಗುವ ದಾರಿ ಮುಚ್ಚಿಕೊಂಡಿದೆ, ಒತ್ತಡ ಏರಿದೆ. ಎಡಗಣ್ಣು ಮುಗಿಯಿತು. ಬಲಗಣ್ಣಿನಲ್ಲಿ ಉಳಿದಿರುವುದು ಬಿದಿರಿನ ಕೊಳವೆಯಲ್ಲಿ ನೋಡಿದಷ್ಟು. ಇಪ್ಪತ್ತೈದನೇ ತಾರೀಕು ಆಪರೇಷನ್; ಆದರೆ ಹೋದದ್ದು ಬರುವುದಿಲ್ಲ, ಇರುವುದು ಉಳಿಯಬಹುದು. ಜನವರಿಯಲ್ಲಿ ಬಂದಿದ್ದರೆ ಎಂದು ಶುರು ಮಾಡಿ, ನನ್ನ ಬಟ್ಟೆ ನೋಡಿ, ಅಲ್ಲಿಗೇ ನಿಲ್ಲಿಸಿದರು. ರಸ್ತೆಯಿಂದಲೇ ಎರಡು ಸೆಂಟಿಮೀಟರಿನ ವ್ಯತ್ಯಾಸ ಹೇಳುವವನು ನಾನು.

ಸಂಜೆ ಚರೂನ್ ಸಾಹೇಬರು ವಿಹಾರಕ್ಕೆ ಬಂದು ಮೂರು ಸಲ ನಮಸ್ಕರಿಸಿದರು. ನಾಡಿದ್ದು ಪ್ರಾಂತದ ನಿರ್ದೇಶಕರು ಬರುತ್ತಾರಂತೆ, ಪುಸ್ತಕವೆಲ್ಲ ದುಂಡಗಿದೆಯಂತೆ. ನಾಳೆಯೇ ಬಟ್ಟೆ ಕಳಚಿ ಬಂದರೆ ಉಪಕಾರ, ಹನ್ನೊಂದು ದಿನವೂ ಪುಣ್ಯವೇ ಎಂದರು. ಇಪ್ಪತ್ತೆರಡರವರೆಗೆ ಇಲ್ಲೇ ಇರುತ್ತೇನೆ ಎಂದೆ. ಅದು ದೊಡ್ಡ ವಿಷಯವೆಂದು ಹೇಳುವಾಗ ಅನ್ನಿಸಲಿಲ್ಲ. ನಂತರ ಇನ್ನೊಂದು ರಜೆಯ ಚೀಟಿ ಕೊಟ್ಟೆ, ಇಪ್ಪತ್ಮೂರರಿಂದ.

“ಭಿಕ್ಷು ಕೊಟ್ಟಿದ್ದಕ್ಕೆ ಇಲ್ಲ ಅನ್ನೋ ಹಾಗಿಲ್ಲ ಅಂತ ಈಗ್ಲೇ ಕೊಟ್ರಲ್ಲ, ಭಂತೆ. ಜಾಣರು.” ಚೀಟಿಯನ್ನು ಬೆಳಕಿಗೆ ಹಿಡಿದರು. “ಎಷ್ಟು ದಿನ ಅನ್ನೋ ಕಡೆ ‘ಗೊತ್ತಿಲ್ಲ’ ಅಂತ ಬರ್ದಿದ್ದೀರಿ. ಅಲ್ಲಿ ಸಂಖ್ಯೆ ಬರೀಬೇಕು.”

ಗೊತ್ತಾದಾಗ ಬರೆಯುತ್ತೇನೆ ಎಂದೆ. ಅವರು ಚೀಟಿಯನ್ನು ಜೇಬಿಗಿಟ್ಟುಕೊಂಡು, ಮತ್ತೆ ಮೂರು ಸಲ ನಮಸ್ಕರಿಸಿ ಹೋದರು.

ಏಪ್ರಿಲ್ 20

ಅಂಗಳ ಗುಡಿಸಿದೆ. ಬೆಳಿಗ್ಗೆ ಖೇಮೊ ಭಂತೆ ಸಾಲಿನಲ್ಲಿ ಜಾಗ ಬದಲಾಯಿಸಿಕೊಂಡರು. ಬಂಗಡೆ ನನಗೆ ಬಿತ್ತು. ತಲೆಯ ಕಡೆಯ ಭಾಗ.

ಏಪ್ರಿಲ್ 22

ಬಟ್ಟೆ ಕಳಚಿದೆ. ಪ್ಯಾಂಟು ಸಡಿಲವಾಗಿದೆ.

ಮನೆಗೆ ಬಂದು ಅಮ್ಮನ ಕಾಲಿಗೆ ಹಣೆ ಮುಟ್ಟಿಸಿದೆ. ಹೂವಿನ ತಟ್ಟೆ ಇರಲಿಲ್ಲ. ಅವಳು ಬಟಾಣಿ ಬಿಡಿಸುತ್ತಿದ್ದಳು.

“ಏನ್ ಬಿತ್ತು?” ಎಂದಳು.

ನಾನೇ ಎಂದೆ. ಏಳು, ನೆಲ ಒರೆಸಿಲ್ಲ ಎಂದಳು.

ಏಪ್ರಿಲ್ 25

ಆಸ್ಪತ್ರೆಯ ಕಾರಿಡಾರು. ಒಂಬತ್ತಕ್ಕೆ ಅಮ್ಮನನ್ನು ಒಳಗೆ ಕರೆದುಕೊಂಡು ಹೋದರು. ಈಗ ಎಷ್ಟಾಯಿತೋ, ಗಡಿಯಾರ ಈ ಬೆಂಚಿನಿಂದ ಕಾಣುವುದಿಲ್ಲ. ಹೊರಗೆ ಮೊದಲ ಮಳೆಯ ಮೋಡ. ವನ್ಪೆನ್ ಎರಡು ಸಲ ಫೋನು ಮಾಡಿದ್ದಳು. ಮಟ್ಟ ಹೇಳಲಿಲ್ಲ, ಊಟವಾಯಿತೇ ಎಂದು ಕೇಳಿದಳು.

ಒಳಗೆ ಕರೆದುಕೊಂಡು ಹೋಗುವ ಮುಂಚೆ ನರ್ಸು ಒಂದು ಹಾಳೆ ತುಂಬಿಸಿಕೊಂಡರು. ಮನೆಯವರೇ ಹೇಳಬೇಕಂತೆ. ಸಕ್ಕರೆ ಕಾಯಿಲೆ ಇದೆಯೇ. ಗೊತ್ತಿಲ್ಲ. ಯಾವ ಮಾತ್ರೆ ತೆಗೆದುಕೊಳ್ಳುತ್ತಾರೆ. ಗೊತ್ತಿಲ್ಲ. ಆಮೇಲೆ ಅಮ್ಮನ ತೋಳು ತಿರುಗಿಸಿ ನೋಡಿ, ಬಲ ಮಣಿಕಟ್ಟಿನ ಮೂಳೆ ಮುರಿದು ಸೊಟ್ಟಗೆ ಕೂಡಿಕೊಂಡಿದೆಯಲ್ಲ, ಇದು ಯಾವಾಗ ಆದದ್ದು ಎಂದು ನನ್ನನ್ನು ಕೇಳಿದರು. ನಾನು ಅಮ್ಮನನ್ನು ನೋಡಿದೆ. ಅವಳು ಜೀರುಂಡೆಯ ಶಬ್ದ ಕೇಳುವವಳಂತೆ ಕಿಟಕಿಯ ಕಡೆ ತಿರುಗಿಕೊಂಡಳು. ಆರೇಳು ವರ್ಷ ಹಳೆಯದಿರಬೇಕು ಎಂದು ನರ್ಸು ತಾವೇ ಬರೆದುಕೊಂಡರು.

ಆರೇಳು ವರ್ಷ. ಆ ವರ್ಷಗಳ ಪುಸ್ತಕದಲ್ಲಿ ಒಂದು ಓದೂ ತಪ್ಪಿಲ್ಲ, ಎಲ್ಲ ನನ್ನ ಅಕ್ಷರವೇ. ಅದರಲ್ಲಿ ಯಾವುದೋ ಒಂದು ದಿನ ನೀನು ಹಿತ್ತಲಲ್ಲೋ ಬಚ್ಚಲಲ್ಲೋ ಬಿದ್ದಿದ್ದೀಯ. ಸಂಜೆ ನಾನು ಬಂದಿದ್ದೇನೆ, ಕೂತಿದ್ದೇನೆ, ಉಂಡಿದ್ದೇನೆ. ಅಮ್ಮ, ಆವತ್ತು ನನಗೆ ಯಾವ ಕೈಯಲ್ಲಿ ಬಡಿಸಿದೆ?